ಇಬ್ಬರು ಎತ್ತುವ ಭಾರ: ಬಳ್ಳಾರಿಯಲ್ಲಿ ಒಂದು ಮಣ್ಣಿನ ಪ್ರದರ್ಶನ ಆದ ಬಗೆ

ಗಂಡಸಿಗೆ ಗಂಡಸಿನ ಮೇಲೆ ಬರುವ ಆಸೆಯ ಬಗ್ಗೆ ನಾನು ಮಣ್ಣಿನಲ್ಲಿ ಕೆಲಸ ಮಾಡುತ್ತೇನೆ. ಊರು ಬಳ್ಳಾರಿ. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದ ಕೆಲಸ ಈಗ ಶ್ರಾವಣದಲ್ಲಿ ಮುಗಿಯಿತು. ಮಣ್ಣು ತರುವುದರಿಂದ ಹಿಡಿದು ಜನರ ಮುಂದೆ ಇಡುವವರೆಗೆ ಯಾರನ್ನು ಕೇಳಬೇಕು, ಯಾವ ಕಾಗದ ಬೇಕು, ದುಡ್ಡು ಎಷ್ಟು ಬೇಕು ಅಂತ ನನಗೆ ಹೇಳುವವರು ಇರಲಿಲ್ಲ. ಬೆಂಗಳೂರಿನಲ್ಲಿ ಇರುವವರಿಗೆ ಯಾರಾದರೂ ಸಿಗುತ್ತಾರೆ. ನಮ್ಮ ಕಡೆ ಸಿಗುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತು ಇದೇ ಕೆಲಸ ಮಾಡಬೇಕು ಅಂದುಕೊಂಡಿರುವವರು ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಯೋಚನೆ ಹುಟ್ಟಿದ್ದು ಹಂಪಿಯಿಂದ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿ ಬರೆದಿದ್ದಾನೆ. ರಾಜ ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಂಡು, ಸೊಂಟಕ್ಕೆ ಒಂದು ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಕೊನೆಗೆ ಒಬ್ಬ ಜಟ್ಟಿಯ ಜೊತೆ ಕುಸ್ತಿ ಆಡುತ್ತಿದ್ದ. ಸುಟ್ಟ ಮಣ್ಣಿನ ಭಾರ! ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ನಮ್ಮ ಕಡೆ ಜಾತ್ರೆಗಳಲ್ಲಿ ಇವತ್ತಿಗೂ ಸಂಗ್ರಾಣಿ ಕಲ್ಲು, ಅಂದರೆ ಬಲ ಪರೀಕ್ಷೆಯ ಭಾರದ ಕಲ್ಲು, ಎತ್ತುತ್ತಾರೆ. ಎತ್ತಿದವನು ಗಂಡಸು, ಎತ್ತದವನ ಕಡೆ ಯಾರೂ ನೋಡುವುದಿಲ್ಲ. ನಾನು ಚಿಕ್ಕವನಿದ್ದಾಗಿನಿಂದ ಆ ಗುಂಪಿನಲ್ಲಿ ನಿಂತು ಕಲ್ಲನ್ನು ನೋಡುವುದಕ್ಕಿಂತ ಎತ್ತುವವರ ಬೆನ್ನು ನೋಡಿದ್ದೇ ಜಾಸ್ತಿ.

ಹಾಗಾಗಿ ಸಂಗ್ರಾಣಿ ಕಲ್ಲನ್ನೇ ಮಣ್ಣಿನಲ್ಲಿ ಮಾಡುವುದು ಅಂತಾಯಿತು. ಒಳಗೆ ಟೊಳ್ಳು, ಗೋಡೆ ಎರಡು ಸೆಂಟಿಮೀಟರ್ ದಪ್ಪ, ಒಂದೊಂದೂ ಹತ್ತಿರ ಹತ್ತಿರ 18 ಕೆಜಿ. ಮೈಯೆಲ್ಲ ಕಲ್ಲಿನಿಂದ ತಿಕ್ಕಿ ನುಣುಪು ಮಾಡಿರುತ್ತೇನೆ, ಕೈ ಜಾರಬೇಕು. ಹಿಡಿಯಲು ಸಿಗುವುದು ಎರಡು ಕಡೆ ಒತ್ತಿದ ಅಂಗೈ ಗುರುತುಗಳು ಮಾತ್ರ. ಎದುರು ಬದುರು ಇಬ್ಬರು ನಿಂತರೆ ಮಾತ್ರ ಎತ್ತಬಹುದು. ಎತ್ತುವಾಗ ಇಬ್ಬರ ಮುಖದ ನಡುವೆ ಒಂದು ಗೇಣು ಜಾಗವೂ ಉಳಿಯುವುದಿಲ್ಲ. ನಾನು ಹೇಳಬೇಕಾದದ್ದು ಅಷ್ಟೇ ಇತ್ತು. ಇದರ ಜೊತೆಗೆ ಕುಸ್ತಿ ಹಿಡಿದ ಜೋಡಿಗಳನ್ನು ಉಬ್ಬುಚಿತ್ರವಾಗಿ ಮಾಡಿದ ದೊಡ್ಡ ತಟ್ಟೆಗಳು.

ಮೊದಲ ಕೆಲಸ ಗರಡಿಗೆ ಹೋಗಿ ಕೇಳುವುದು. ಮಟ್ಟಿಯ, ಅಂದರೆ ಕುಸ್ತಿ ಆಡುವ ಅಂಕಣದ, ಮಣ್ಣನ್ನು ನೀರಿನಲ್ಲಿ ಕದಡಿ ತಿಳಿ ಮಾಡಿ ಭಾರಗಳ ಮೇಲೆ ಬಳಿಯಬೇಕು ಅಂತ ನನ್ನ ಆಸೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡಿದ ಮಣ್ಣು ಅದು. ಎಷ್ಟೋ ಜನರ ಬೆವರು ಬಿದ್ದಿರುತ್ತದೆ. ಆದರೆ ಪೈಲ್ವಾನರು ಅದಕ್ಕೆ ಪೂಜೆ ಮಾಡಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಇಳಿಯುತ್ತಾರೆ. ಸುಮ್ನೆ ಒಂದು ಚೀಲ ತುಂಬಿಕೊಂಡು ಬರುವ ಹಾಗಿಲ್ಲ. ಕುಸ್ತಿ ಕಲಿಸುವ ವಸ್ತಾದರಿಗೆ ಅರ್ಧ ಹೇಳಿ ಮಣ್ಣು ತರಬಹುದಿತ್ತು, ಕುಸ್ತಿಯ ಮೇಲೆ ಕೆಲಸ ಅಂದಿದ್ದರೆ ಖುಷಿಯಿಂದ ಕೊಡುತ್ತಿದ್ದರು. ನಾನು ಪೂರ್ತಿ ಹೇಳಿದೆ. ಹೇಳುವಾಗ ನಾಲಿಗೆ ಒಣಗಿತ್ತು. ಅವರು ನನ್ನ ಮುಖ ನೋಡಲಿಲ್ಲ, ಮಟ್ಟಿಯನ್ನೇ ನೋಡುತ್ತಾ ಕೂತರು.

"ನಮ್ಮ ಗರಡಿ ಹೆಸರು ಎಲ್ಲೂ ಬರಬಾರದು ನೋಡಪಾ" ಅಂದರು. "ಹೊರಗ ಚೆಲ್ಲಿದ ಹಳೇ ಮಣ್ಣೈತಿ, ಅದನ್ನ ಒಯ್ಯಿ. ಒಳಗಿನದು ಮುಟ್ಟಬ್ಯಾಡ."

ಬೈಯಲಿಲ್ಲ, ಹೋಗು ಅನ್ನಲಿಲ್ಲ. ಅವತ್ತು ನಾನು ನಡೆದುಕೊಂಡೇ ಮನೆಗೆ ಬಂದೆ, ಆಟೋ ಹತ್ತಬೇಕು ಅಂತಲೇ ಹೊಳೆಯಲಿಲ್ಲ. ಮುಂದೆ ಈ ದಾರಿ ಹಿಡಿಯುವವರಿಗೆ ನನ್ನ ಮಾತು: ಮಣ್ಣು, ಜಾಗ, ಮೈ, ಯಾವುದನ್ನು ಯಾರ ಹತ್ತಿರ ತೆಗೆದುಕೊಂಡರೂ ಮೊದಲೇ ಪೂರ್ತಿ ಹೇಳಿ. ನಮ್ಮದು ಸಣ್ಣ ಊರು. ಹೇಗಿದ್ದರೂ ಮಾತು ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಅದು ನಿಮ್ಮ ಬಾಯಿಂದಲೇ ಹೋಗಿರಲಿ.

ಭಾರ ಕಟ್ಟಲು ಕೆರೆಮಣ್ಣು. ಅದಕ್ಕೆ ಹಳೆಯ ಮಡಕೆ ಚೂರಿನ ಪುಡಿ ಜರಡಿ ಹಿಡಿದು ಬೆರೆಸಿದೆ. ಇಷ್ಟು ದಪ್ಪದ ಗೋಡೆ ಬಿರಿಯದೆ ಒಣಗಬೇಕಾದರೆ ಅದು ಬೇಕೇ ಬೇಕು. ಮಣ್ಣನ್ನು ಹಗ್ಗದ ಹಾಗೆ ಹೊಸೆದು ಸುತ್ತುತ್ತಾ ಮೇಲೆತ್ತಿದೆ. ಅಂಗೈ ಗುರುತು ಒತ್ತಲು ಗೆಳೆಯರನ್ನು ಕರೆದೆ. ಇಲ್ಲಿ ಒಂದು ಲೆಕ್ಕ ನೆನಪಿಡಿ. ಹಸಿ ಮಣ್ಣು ಒಣಗಿ ಸುಡುವಷ್ಟರಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಕುಗ್ಗುತ್ತದೆ. ಇವತ್ತು ಒತ್ತಿದ ಕೈಗೆ ನಾಳೆ ಆ ಗುರುತು ಬಿಗಿಯಾಗುತ್ತದೆ. ಅದಕ್ಕೆ ಬೆರಳಿಗೆಲ್ಲ ಒದ್ದೆ ಬಟ್ಟೆ ಸುತ್ತಿ ಒತ್ತಿಸಿದೆ.

ಅಂಗೈ ಗುರುತು ಒತ್ತಿದವರ ಹತ್ತಿರ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡೆ. ಒಂದೇ ಪುಟ, ಕನ್ನಡದಲ್ಲಿ. ವಯಸ್ಸು 18 ದಾಟಿದೆ, ಕೆಲಸ ಯಾವ ವಿಷಯದ್ದು ಅಂತ ಗೊತ್ತಿದೆ, ಹೆಸರು ಹಾಕಬಹುದೋ ಬೇಡವೋ, ಫೋಟೋ ತೆಗೆಯಬಹುದೋ ಬೇಡವೋ, ಮನಸ್ಸು ಬದಲಾದರೆ ಯಾವ ತಾರೀಖಿನ ಒಳಗೆ ಹೇಳಬೇಕು. ಅಷ್ಟೇ. ಮನೆಯಲ್ಲಿ ಗೊತ್ತಿಲ್ಲದವರು, ಮದುವೆ ಮಾತು ನಡೆಯುತ್ತಿರುವವರು ನಮ್ಮ ನಡುವೆ ಇದ್ದಾರೆ. ಅವರ ಬಾಳು ನಮ್ಮ ಕಲೆಗಿಂತ ದೊಡ್ಡದು.

ನನ್ನ ಸಂಗಾತಿಯೂ ಅಂಥವನೇ. ಒಂದು ಭಾರದ ಮೇಲೆ ಒಂದು ಕಡೆ ನನ್ನ ಕೈ, ಇನ್ನೊಂದು ಕಡೆ ಅವನ ಕೈ. ಅವನ ಎಡಗೈ ಅಂಗೈಯಲ್ಲಿ ಅಡ್ಡಕ್ಕೆ ಒಂದು ಹಳೇ ಗಾಯದ ಗೆರೆ ಇದೆ. ಅವನು ಬಟ್ಟೆ ಸುತ್ತಿಕೊಂಡಿದ್ದು ಬೆರಳಿಗೆ ಮಾತ್ರ, ಹಾಗಾಗಿ ಅಂಗೈ ಗೆರೆ ಮಣ್ಣಿನಲ್ಲಿ ಚೆನ್ನಾಗಿ ಬಿತ್ತು. ಅವನು ನೋಡಿದ. "ಇದನ್ನ ಅಳಿಸು. ನಮ್ಮ ಅಣ್ಣ ನೋಡಿದರೆ ಗುರುತು ಹಿಡಿತಾನ" ಅಂದ. ತೆಳ್ಳಗೆ ಮಣ್ಣಿನ ತಿಳಿ ಮಾಡಿ ಗೆರೆಯ ಒಳಗೆ ತುಂಬಿ, ಒದ್ದೆ ಸ್ಪಂಜಿನಲ್ಲಿ ಒರೆಸಿದೆ. ಅವನ ಕೈಯನ್ನೇ ಒರೆಸಿ ಹಾಕಿದಷ್ಟು ಸಂಕಟ ಆಯಿತು. ಹೇಳಲಿಲ್ಲ. ಅವನಿಗೂ ಆಗಿತ್ತು ಅಂತ ಕಾಣುತ್ತದೆ, ಆ ಸಂಜೆ ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಇನ್ನು ಒಣಗಿಸುವುದು. ನಮ್ಮ ಬಿಸಿಲು ಮಣ್ಣಿನ ಕೆಲಸಕ್ಕೆ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದಪ್ಪ ಗೋಡೆಗೆ ಅದೇ ಶತ್ರು. ಹೊರಗೆ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ಕಿಟಕಿ ಮುಚ್ಚಿ, ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿ ವಾರಗಟ್ಟಲೆ ಕಾದೆ. ಗೋಣಿಚೀಲಕ್ಕೆ ದಿನಾ ನೀರು ಚಿಮುಕಿಸುತ್ತಿದ್ದವಳು ಅವ್ವ. ಒಳಗಿನ ಗಾಳಿಗೆ ದಾರಿ ಬೇಕು ಅಂತ ತಳದಲ್ಲಿ ಒಂದು ತೂತು ಬಿಡುವುದನ್ನು ಮರೆಯಬೇಡಿ. ಒಣಗಿದೆಯೋ ಇಲ್ಲವೋ ತಿಳಿಯಲು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ನೀರಿದೆ.

ಮಣ್ಣು ಸುಡಲು ಸ್ವಂತ ಕರೆಂಟ್ ಕಿಲ್ನ್ (ಕರೆಂಟಿನ ಗೂಡು) ಇದ್ದರೆ ಸಲೀಸು, ನಿಜ. ಆದರೆ ಈ ಗಾತ್ರಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು, ಲಕ್ಷದ ಮೇಲೆ ದುಡ್ಡು ಬೇಕು. ನಾನು ಆ ಕಡೆ ಹೋಗಲಿಲ್ಲ. ಊರ ಹೊರಗೆ ಒಬ್ಬರು ಕುಂಬಾರಜ್ಜ ಇದ್ದಾರೆ. ಬೇಸಿಗೆಯ ನೀರಿನ ಮಡಕೆಗಳಿಗೆ ಯುಗಾದಿ ಮುಂಚೆ ಆವಿಗೆ, ಅಂದರೆ ಮಡಕೆ ಸುಡುವ ಗೂಡು, ಹಾಕುತ್ತಾರೆ. ಅದರಲ್ಲೇ ಜಾಗ ಕೇಳಿದೆ.

"ಇಬ್ಬರು ಗಂಡಸರ ಕೈ ಯಾಕಪಾ ಇದಕ್ಕ?" ಅಜ್ಜ ಕೇಳಿದರು. ಹೇಳಿದೆ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಇಷ್ಟಪಡುವುದರ ಬಗ್ಗೆ ಅಜ್ಜ, ಗಂಡ ಹೆಂಡತಿ ಇಷ್ಟಪಟ್ಟ ಹಾಗೆ. ಅಜ್ಜ ಬೀಡಿ ಹೊತ್ತಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಗ್ವಾಡಿ ಎಷ್ಟು ದಪ್ಪ ಐತಿ?" ಅಂದರು. ಅವರಿಗೆ ಚಿಂತೆ ಇದ್ದದ್ದು ಅದೊಂದೇ. ದಪ್ಪ ಗೋಡೆಯದು ಸಿಡಿದರೆ ಪಕ್ಕದ ಮಡಕೆಗಳನ್ನೂ ತೆಗೆದುಕೊಂಡು ಹೋಗುತ್ತದೆ. ಸಿಡಿದರೆ ಒಡೆದ ಮಡಕೆಗಳ ದುಡ್ಡು ನನ್ನದು ಅಂತ ಮಾತಾಯಿತು.

ಸಿಡಿಯಿತು ಕೂಡ. ಒಂದು ಭಾರ ಆವಿಗೆಯ ಮೊದಲ ಹೊತ್ತಿನಲ್ಲೇ ಹೋಯಿತು. ಒಳಗೆ ಎಲ್ಲೋ ಉಳಿದಿದ್ದ ತೇವ ಹಬೆಯಾಗಿ ಗೋಡೆ ಒಡೆದು ಬಂತು. ಆ ಸದ್ದು ಎದೆಗೆ ಬಡಿಯುತ್ತದೆ. ಅಜ್ಜನ ಮಡಕೆಗಳ ಲೆಕ್ಕ ಹಾಕಿ 1,800 ರೂಪಾಯಿ ಕೊಟ್ಟೆ. ಬೇಡ ಅಂದರು, ಬಲವಂತ ಮಾಡಿ ಕೊಟ್ಟೆ. ಆವಿಗೆಯ ಪಾಲು, ಕಟ್ಟಿಗೆ, ಕುಳ್ಳು ಎಲ್ಲ ಸೇರಿ ಬೇರೆ 4,000.

ಉಳಿದವು ಹೊರಬಂದಾಗ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದ್ದವು. ಮೈ ಕೆಂಪು, ಅಂಗೈ ಗುರುತುಗಳು ಕಪ್ಪು. ಇದು ನಮ್ಮ ಸೀಮೆಯ ಹಳೆಯ ವಿದ್ಯೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ಸಿಕ್ಕಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಸುಡುವಾಗ ಗಾಳಿ ಸಿಕ್ಕ ಕಡೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಗಾಳಿ ಸಿಗದೆ ಹೊಗೆ ಕೂತ ಕಡೆ ಕಪ್ಪಾಗುತ್ತದೆ. ಅಂಗೈ ಗುಳಿಗಳಿಗೆ ಭತ್ತದ ಹೊಟ್ಟು ಗಿಡಿದು ಮೇಲೆ ಹೆಂಚಿನ ಚೂರು ಮುಚ್ಚಿ ಮಣ್ಣು ಮೆತ್ತಿದ್ದೆವು. ಉಪಾಯ ಅಜ್ಜನದು. ಮಟ್ಟಿಯ ಮಣ್ಣು ಬಳಿದ ಭಾರಗಳು ಕಾಯಲು ಶುರುವಾದಾಗ ಸುಟ್ಟ ಎಣ್ಣೆ ವಾಸನೆ ಬಂತು. ಗರಡಿಯಲ್ಲಿ ಹುಡುಗರ ಮೈಯಿಂದ ಬರುವ ವಾಸನೆಯ ಜೊತೆ ಹೊಗೆ ಕಲಸಿದ್ದು. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆ ತಿಳಿ ಎರಡು ಮೂರು ಕಡೆ ಸಿಪ್ಪೆ ಎದ್ದಿತು. ಎಣ್ಣೆ ಇರುವ ಮಣ್ಣು ಅಂಟುವುದಿಲ್ಲ. ನೀವು ಮಾಡುವುದಾದರೆ ಬಿಸಿನೀರಿನಲ್ಲಿ ಕದಡಿ, ಮೇಲೆ ತೇಲುವ ಜಿಡ್ಡು ತೆಗೆದು, ಆಮೇಲೆ ಬಳಸಿ.

ಆ ಗಾಯದ ಗೆರೆ ಮತ್ತೆ ಮೇಲೆ ಬಂದಿತ್ತು. ತುಂಬಿದ ತಿಳಿಯಲ್ಲಿ ನೀರು ಜಾಸ್ತಿ, ಹಾಗಾಗಿ ಅದು ಉಳಿದ ಮಣ್ಣಿಗಿಂತ ಜಾಸ್ತಿ ಕುಗ್ಗಿ ಗೆರೆ ಬಿಟ್ಟುಕೊಟ್ಟಿತ್ತು. ಸಂಗಾತಿಗೆ ತೋರಿಸಿದೆ. ಒಡೆದು ಹಾಕು ಅಂದರೆ ಒಡೆಯುತ್ತೇನೆ ಅಂದೆ. ಹೆಬ್ಬೆರಳಿನಿಂದ ಗೆರೆಯನ್ನು ಆ ತುದಿಯಿಂದ ಈ ತುದಿಗೆ ಸವರಿದ. "ಒಡಿಬ್ಯಾಡ. ಆ ಕಡೆ ಗ್ವಾಡಿಗೆ ಮುಖ ಮಾಡಿ ಇಡು" ಅಂದ. ಹಾಗೇ ಇಟ್ಟೆ. ಆ ಒಂದನ್ನು ಮಾತ್ರ ಯಾರಿಗೂ ಎತ್ತಲು ಕೊಡಲಿಲ್ಲ.

ತಟ್ಟೆಗಳ ಕಥೆ ಬೇರೆ. ಅವಕ್ಕೆ ಗ್ಲೇಜ್, ಅಂದರೆ ಸುಟ್ಟಾಗ ಕರಗಿ ಗಾಜಿನಂತೆ ಹೊಳೆಯುವ ಲೇಪ, ಬೇಕಿತ್ತು; ಅದು ಕರಗಲು ಆವಿಗೆಯ ಶಾಖ ಸಾಲುವುದಿಲ್ಲ. ಆವಿಗೆ 700, 800 ಡಿಗ್ರಿ ದಾಟುವುದು ಕಷ್ಟ, ನನಗೆ ಬೇಕಾದದ್ದು 1,220. ತಟ್ಟೆಗೆ ಬೇರೆಯದೇ, ಜಾಸ್ತಿ ಶಾಖ ತಡೆದು ಕಲ್ಲಿನ ಹಾಗೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣು ಬೇಕು, ಕೆರೆಮಣ್ಣು ಆ ಶಾಖಕ್ಕೆ ತಡೆಯುವುದಿಲ್ಲ. ಚೀಲದಲ್ಲಿ ಸಿದ್ಧವಾಗಿ ಸಿಗುತ್ತದೆ, ಸಾಗಣೆ ಸೇರಿ ಕೆಜಿಗೆ 40 ರೂಪಾಯಿ ಬಿತ್ತು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಬೇರೆಯವರ ಕೆಲಸವನ್ನೂ ದುಡ್ಡು ತೆಗೆದುಕೊಂಡು ಸುಟ್ಟುಕೊಡುತ್ತಾರೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಸೀಟಿನ ಕೆಳಗೆ ಇಟ್ಟುಕೊಂಡು ಒಯ್ದೆ. ಗ್ಲೇಜಿಗೆ ಸಂಡೂರಿನ ಅದಿರು ಮಣ್ಣಿನ ಪುಡಿ ಬೆರೆಸಿದ್ದೆ. ಸುಟ್ಟ ಬೆಲ್ಲದ ಬಣ್ಣ ಬಂತು. ಪೈಲ್ವಾನರ ಭುಜ, ತೊಡೆ ಉಬ್ಬಿದ ಕಡೆ ಗ್ಲೇಜ್ ತೆಳುವಾಗಿ ಹೊಳೆಯುತ್ತಿತ್ತು, ಮೈ ಮೈ ಸೇರಿದ ಸಂದಿಯಲ್ಲಿ ದಪ್ಪಗೆ ಇಳಿದು ನಿಂತಿತ್ತು.

ತಟ್ಟೆ ಯಾಕೆ ಅಂತ ಕೆಲವರು ಕೇಳಿದರು. ಗಂಡಸರ ಪ್ರೀತಿಯನ್ನು ಪಾತ್ರೆಯ ಮೇಲೆ ಬರೆದದ್ದು ಹೊಸದೇನೂ ಅಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆ ಅಥೆನ್ಸ್‌ನ ಕುಂಬಾರರು ಕುಡಿಯುವ ಬಟ್ಟಲುಗಳ ಮೇಲೆ ಕುಸ್ತಿ ಆಡುವ ಯುವಕರನ್ನು ಬರೆದು, ಪಕ್ಕದಲ್ಲಿ 'ಇಂಥವನು ಚೆಲುವ' ಅಂತ ಹೆಸರು ಹಾಕುತ್ತಿದ್ದರು. ಅಮೆರಿಕದ ಮಣ್ಣಿನ ಕಲಾವಿದ ಹೊವರ್ಡ್ ಕಾಟ್ಲರ್ 1970ರ ದಶಕದಲ್ಲಿ ಅಂಗಡಿಯಿಂದ ತಂದ ತಟ್ಟೆಗಳ ಮೇಲೆ 'ಅಮೆರಿಕನ್ ಗಾಥಿಕ್' ಅನ್ನುವ ಪ್ರಸಿದ್ಧ ಚಿತ್ರದ ರೈತ ಮತ್ತು ಅವನ ಪಕ್ಕದ ಹೆಂಗಸನ್ನು ಇಬ್ಬರು ಗಂಡಸರಾಗಿ ಮಾಡಿ ಅಂಟಿಸಿ ಸುಟ್ಟರು. ನಮ್ಮವರೇ ಆದ ಭೂಪೇನ್ ಖಕ್ಕರ್ (1934–2003) ಬಣ್ಣದಲ್ಲಿ ಕೆಲಸ ಮಾಡಿದವರು. ಬರೋಡಾದಲ್ಲಿ ಲೆಕ್ಕಪತ್ರದ ನೌಕರಿ ಮಾಡುತ್ತಾ, ಕಾಯಿದೆ ಇದನ್ನು ಅಪರಾಧ ಅನ್ನುತ್ತಿದ್ದ ಕಾಲದಲ್ಲೇ ತಮ್ಮ ಆಸೆಯನ್ನು ಬಿಡಿಸಿಟ್ಟರು. ಧೈರ್ಯ ಕುಸಿದ ರಾತ್ರಿಗಳಲ್ಲಿ ನಾನು ಇವರನ್ನೆಲ್ಲ ನೆನೆಸಿಕೊಂಡಿದ್ದೇನೆ.

ಧೈರ್ಯ ಕುಸಿದದ್ದು ಜಾಗ ಹುಡುಕುವಾಗ. ಒಂದು ಸಭಾಂಗಣಕ್ಕೆ ಯುಗಾದಿ ಆದ ಮೇಲೆ ಅರ್ಜಿ ಹಾಕಿದೆ. ಆಧಾರ್ ನಕಲು, ಕೃತಿಗಳ ಪಟ್ಟಿ, ಫೋಟೋ, ಠೇವಣಿಯ ಡಿಡಿ, ಸ್ಟಾಂಪ್ ಪೇಪರ್ ಮೇಲೆ ಮುಚ್ಚಳಿಕೆ. ಎಲ್ಲ ಕೊಟ್ಟೆ. ಅರ್ಜಿಯಲ್ಲಿ ಪ್ರದರ್ಶನದ ವಿಷಯ ಅಂತ ಒಂದು ಸಾಲು ಇತ್ತು. 'ಗಂಡಸುತನ ಮತ್ತು ಗಂಡಸರ ನಡುವಿನ ಪ್ರೀತಿ' ಅಂತ ಬರೆದಿದ್ದೆ. ಗುಮಾಸ್ತರು ಓದಿ, ಸಣ್ಣ ದನಿಯಲ್ಲಿ, "ಕುಸ್ತಿ ಪರಂಪರೆ ಅಂತ ಬರೀರಿ ಸರ್, ನಾಳೆನೇ ಆಗ್ತದ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆಗಿಬಿಡುತ್ತಿತ್ತು ಕೂಡ. ನಾನು ಪೆನ್ನು ಕೈಯಲ್ಲಿ ಹಿಡಿದು ನಿಂತೆ. ವಸ್ತಾದರಿಗೆ, ಅಜ್ಜನಿಗೆ ಬಾಯಿಬಿಟ್ಟು ಹೇಳಿದ ಮಾತನ್ನು ಕಾಗದದ ಮೇಲೆ ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಕಾಯುವುದು. ಪರಿಶೀಲನೆಯಲ್ಲಿದೆ. ಸಾಹೇಬರು ರಜೆ. ಮುಂದಿನ ವಾರ ಬನ್ನಿ. ಬೇಡ ಅಂತ ಯಾರೂ ಬರೆದು ಕೊಡಲಿಲ್ಲ. ಕೊನೆಗೆ ಒಂದು ದಿನ ಫೋನ್ ಬಂತು, ನೀವು ಕೇಳಿದ ತಾರೀಖಿಗೆ ಬೇರೆ ಕಾರ್ಯಕ್ರಮ ಇದೆ ಅಂತ. ಬೇರೆ ತಾರೀಖು ಕೇಳಿದರೆ ಉತ್ತರ ಇಲ್ಲ. ಆ ಬೇಸಿಗೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಕೆಲಸಕ್ಕೆ ಬೇಡ ಅಂದರೋ, ನನಗೇ ಬೇಡ ಅಂದರೋ ತಿಳಿಯದೆ ಒದ್ದಾಡಿದೆ. ಅರ್ಜಿ ಕೊಡುವಾಗಲೇ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ನನ್ನ ಹತ್ತಿರ ಅದು ಇದ್ದುದರಿಂದಲೇ ಡಿಡಿ ವಾಪಸ್ ಬಂತು.

ಇದೇ ಸಮಯದಲ್ಲಿ ಒಬ್ಬ ವಕೀಲರನ್ನು ಕಂಡೆ. ಒಂದು ಗಂಟೆ ಮಾತಿಗೆ 1,500 ತೆಗೆದುಕೊಂಡರು, ಬೆಲೆಬಾಳುವ ಒಂದು ಗಂಟೆ ಅದು. ಅವರು ಹೇಳಿದ್ದರ ಸಾರ ಇಷ್ಟು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ವಯಸ್ಕರು ಇಬ್ಬರೂ ಒಪ್ಪಿ ನಡೆಸುವ ಸಂಬಂಧ ಅಪರಾಧ ಅಲ್ಲ. ಮದುವೆಗೆ ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮಾನ್ಯತೆ ಸಿಗಲಿಲ್ಲ. ಕಲಾವಿದರು ನೋಡಿಕೊಳ್ಳಬೇಕಾದದ್ದು ಅಶ್ಲೀಲತೆಯ ಕಲಂ. ಮೊದಲು ಐಪಿಸಿ (ಭಾರತೀಯ ದಂಡ ಸಂಹಿತೆ) 292 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294. ಕಲೆಯ ಹಿತಕ್ಕಾಗಿ ಸಾರ್ವಜನಿಕ ಒಳಿತಿಗೆ ಮಾಡಿದ್ದು ಅಂತ ತೋರಿಸಿದರೆ ಅದರಲ್ಲಿ ವಿನಾಯಿತಿ ಇದೆ. ಬತ್ತಲೆ ಮೈ ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ, ಇಡೀ ಕೃತಿಯನ್ನು ಇವತ್ತಿನ ಸಮಾಜದ ಕಣ್ಣಿನಿಂದ ನೋಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಪೈಲ್ವಾನರು ಲಂಗೋಟಿಯಲ್ಲಿದ್ದಾರೆ, ಆದರೂ ಗೊತ್ತಿರುವುದು ಒಳ್ಳೆಯದು ಅಲ್ವಾ? ಬಾಗಿಲ ಬಳಿ ವಿಷಯ ತಿಳಿಸುವ ಬೋರ್ಡ್ ಹಾಕಿ, ಠಾಣೆಗೆ ಮಾಹಿತಿ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ ಅಂದರು. ಎರಡೂ ಮಾಡಿದೆ. ನಿಮ್ಮ ಕೆಲಸಕ್ಕೆ ಬೇರೆ ಕಾಗದ ಬೇಕಾಗಬಹುದು, ನಿಮ್ಮ ವಕೀಲರನ್ನೇ ಕೇಳಿ.

ಜಾಗ ಕೊಟ್ಟಿದ್ದು ಗೆಳತಿಯೊಬ್ಬಳು. ಅವರ ಮನೆಯವರು ಜೀನ್ಸ್ ಹೊಲಿಸುತ್ತಿದ್ದ ಹಾಲ್ ಖಾಲಿ ಬಿದ್ದಿತ್ತು. ಮೂಲೆಯಲ್ಲಿ ರಾಶಿಗಟ್ಟಲೆ ಚಿಂದಿ. ಅದನ್ನೇ ದಪ್ಪಗೆ ಹಾಸಿ ಮೇಲೆ ಭಾರಗಳನ್ನು ಇಟ್ಟೆವು, ಕೈ ಜಾರಿದರೂ ಒಡೆಯದ ಹಾಗೆ. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಭಾನುವಾರ ಬಾಗಿಲು ತೆರೆದೆವು.

ಬಂದವರಲ್ಲಿ ಜಾಸ್ತಿ ಜನ ಪಕ್ಕದ ಹೊಲಿಗೆ ಘಟಕಗಳ ಹುಡುಗರು. ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು, ಬೋರ್ಡ್ ಓದಿ ಕೈ ತೆಗೆದರು. ಅದು ನನಗೆ ಬಹಳ ನೋವು ಕೊಟ್ಟಿತು. ಆದರೆ ಭಾರ ಕಂಡರೆ ಗಂಡು ಹುಡುಗರು ಬಿಡುತ್ತಾರಾ? ಒಬ್ಬ ಗಟ್ಟಿಮುಟ್ಟಾದವನು ಒಬ್ಬನೇ ಹಿಡಿದು ನೋಡಿದ, ಜಾರಿತು. ಮತ್ತೆ ಹಿಡಿದ, ಜಾರಿತು. "ಬಾರಲೇ" ಅಂತ ಗೆಳೆಯನನ್ನು ಕರೆದ. ಇಬ್ಬರೂ ಕಪ್ಪು ಗುಳಿಗಳಿಗೆ ಕೈ ಕೂಡಿಸಿ ಎತ್ತಿದರು. ಮೊದಲು ನಗು ಬಂತು. ಆಮೇಲೆ ಉಸಿರು ಉಸಿರಿಗೆ ತಾಗುವಷ್ಟು ಹತ್ತಿರ ಇದ್ದೇವೆ ಅಂತ ಇಬ್ಬರಿಗೂ ಗೊತ್ತಾಯಿತು. ಒಬ್ಬ ಕಣ್ಣು ಕೆಳಗೆ ಹಾಕಿದ, ಇನ್ನೊಬ್ಬ ಹಾಕಲಿಲ್ಲ. ಮೆಲ್ಲಗೆ ಇಳಿಸಿದರು. ಹೋಗುವಾಗ ಏನೂ ಹೇಳಲಿಲ್ಲ, ಸಂಜೆ ಮತ್ತೆ ನಾಲ್ಕು ಜನರನ್ನು ಕರೆದುಕೊಂಡು ಬಂದರು.

ಗಲಾಟೆ ಆಗಲಿಲ್ಲ ಅಂತಲ್ಲ. ಇಬ್ಬರು ಬಂದು ಜೋರು ಮಾಡಿದರು, ಊರಿನ ಮರ್ಯಾದೆ ಅಂದರು. ಗೆಳತಿ ಅವರಿಗೆ ಕುರ್ಚಿ ಹಾಕಿ ಚಹಾ ತರಿಸಿದಳು, ಠಾಣೆಯ ಸ್ವೀಕೃತಿ ತೋರಿಸಿದಳು. ಹೋದರು. ವಸ್ತಾದರು ಬರಲಿಲ್ಲ. ಆದರೆ ಗರಡಿಯ ಇಬ್ಬರು ಹುಡುಗರು ಬಂದರು, ಹಳೇ ಮಣ್ಣಿನ ತಿಳಿ ಬಳಿದ ಭಾರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವ್ವ ಒಂದು ಮಧ್ಯಾಹ್ನ ಬಂದು ತಟ್ಟೆಗಳನ್ನು ಒಂದೊಂದಾಗಿ ನೋಡಿ, "ಯಾರ ಮಕ್ಕಳೋ, ಚಂದ ಅದಾರ" ಅಂದಳು.

ಒಟ್ಟು ಖರ್ಚು 58 ಸಾವಿರದ ಆಸುಪಾಸು. ಅದರಲ್ಲಿ ಅರ್ಧ ತಟ್ಟೆಗಳಿಗೇ ಹೋಯಿತು, ಮಣ್ಣು, ಬೆಂಗಳೂರಿನ ಸುಡುವ ಕೂಲಿ, ಓಡಾಟ. ಎರಡು ತಟ್ಟೆ ಮಾರಾಟವಾದವು, ಹಾಕಿದ ದುಡ್ಡು ಪೂರ್ತಿ ಬರಲಿಲ್ಲ. ದುಡ್ಡು ಕಮ್ಮಿ ಇದ್ದರೆ ಗ್ಲೇಜ್ ಬಿಡಿ, ಕೆರೆಮಣ್ಣು ಮತ್ತು ಆವಿಗೆಯಲ್ಲೇ ಮಾಡಿ. ಹತ್ತು ಹನ್ನೆರಡು ಸಾವಿರದಲ್ಲಿ ಆಗುತ್ತದೆ.

ಅಜ್ಜ ದೀಪಾವಳಿ ಹಣತೆಗೆ ಮತ್ತೆ ಆವಿಗೆ ಹಾಕುತ್ತಾರೆ. ಈ ಸಲ ಇನ್ನೂ ಮೂರು ನಾಲ್ಕು ಜನರ ಕೆಲಸಕ್ಕೆ ಜಾಗ ಕೊಡುತ್ತೇನೆ ಅಂದಿದ್ದಾರೆ, ಎಂಥದ್ದು ಅಂತ ಕೇಳಲಿಲ್ಲ. ಮಾಡುವವರು ಈಗಲೇ ಮಣ್ಣು ನೆನೆಹಾಕಿ. ಮಳೆಗಾಲದಲ್ಲಿ ಒಣಗುವುದು ನಿಧಾನ, ನವರಾತ್ರಿಗೆ ಮುಂಚೆ ತುಂಡು ಕಟ್ಟಿ ಮುಗಿದಿರಬೇಕು. ತರುವ ಮುಂಚೆ ಕೆನ್ನೆಗೆ ಒತ್ತಿ ನೋಡುವುದನ್ನು ಮಾತ್ರ ಬಿಡಬೇಡಿ. ತಣ್ಣಗಿರುವುದನ್ನು ಅಜ್ಜ ಒಳಗೆ ಇಡುವುದಿಲ್ಲ.